ಒಂದೇ ತುದಿಯಿಂದ ಹೊಲಿದ ಕೌದಿ

ಭದ್ರಾವತಿ
೧೨ ಡಿಸೆಂಬರ್ ೧೯೪೩

ಅಕ್ಕರೆಯ ಅಣ್ಣಯ್ಯನಿಗೆ ತಂಗಿ ಸತ್ಯಭಾಮಾ ಮಾಡುವ ನಮಸ್ಕಾರಗಳು. ಪುಣೆಯ ಚಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲ ತಾನೆ? ದಂಡಿನವರ ಬಟ್ಟೆ ಹೊಲಿಯುವ ಭರದಲ್ಲಿ ಊಟ ಮರೆಯಬೇಡ. ಅವ್ವ ಗಟ್ಟಿಯಾಗಿದ್ದಾಳೆ, ರೊಟ್ಟಿ ತಟ್ಟುವಾಗಲೆಲ್ಲ ನಿನ್ನ ಮಾತೇ.

ಬೈಯಬೇಡ, ಮೊದಲೇ ಹೇಳಿಬಿಡುತ್ತೇನೆ. ಮುಟ್ಟಬೇಡವೆಂದು ನೀನು ಮುಚ್ಚಿಟ್ಟು ಹೋದ ಹೊಲಿಗೆ ಮಿಷನ್ನನ್ನು ಮುಟ್ಟಿದೆ. ಶಿವಮೊಗ್ಗದಿಂದ ಹೆರಿಗೆಗೆ ಬರುವ ಮಗಳಿಗೆ ಕೌದಿ ಬೇಕೆಂದು ಎದುರುಮನೆಯ ದ್ಯಾಮಮ್ಮ ಹಳೆಯ ಸೀರೆಗಳ ಗಂಟು ತಂದಿದ್ದರು. ಕೈಯಲ್ಲಿ ಹೊಲಿಯಲು ಅವ್ವನ ಕಣ್ಣು ಸಾಲದು. ಉಳಿದದ್ದು ಎಂಟೇ ದಿನ. ನಾನೇ ಹೊಲಿಯುತ್ತೇನೆ ಎಂದುಬಿಟ್ಟೆ. ಆಮೇಲೆ ಅಳುಕು ಶುರುವಾಯಿತು. ಗಂಡ ಸತ್ತವಳು ಹೊಲಿದದ್ದನ್ನು ಬಸುರಿಗೆ ಯಾರು ಹೊದಿಸುತ್ತಾರೆ?

ಸೀಮೆಸುಣ್ಣದ ಗೆರೆಯ ಮೇಲೆ ಮೊದಲ ಸಾಲು ನೆಟ್ಟಗೆ ಬಂತು. ಮುಂದಿನ ಸಾಲುಗಳ ನಡುವಿನ ಅಂತರ ಒಂದು ಕಡೆ ಬೆರಳಗಲ, ಇನ್ನೊಂದು ಕಡೆ ಅಂಗೈಯಗಲ. ಅವ್ವ ನೋಡಿ, “ಇದೇನೇ ಮಾರಾಯ್ತಿ, ಹಾವು ಹರ್ದಂಗೆ ಹೋಗಿದೆ!” ಎಂದು ನಕ್ಕಳು. ಅಳುತ್ತಲೇ ಎಲ್ಲ ಬಿಚ್ಚಿದೆ. ಆಗ ನೀನು ಹೊಲಿಯುತ್ತ ಗೊಣಗುತ್ತಿದ್ದದ್ದು ನೆನಪಾಯಿತು: “ಸೂಜಿ ನೋಡ್ಕೊಂಡು ಕೂತ್ರೆ ಕೆಟ್ಟೆ, ಪಕ್ಕದ ಸಾಲು ನೋಡ್ಬೇಕು.” ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದದ ಅಂಚನ್ನು ಹಿಂದಿನ ಸಾಲಿಗೆ ತಾಗಿಸಿಕೊಂಡು ನಿಧಾನವಾಗಿ ತುಳಿದೆ. ಸಾಲುಗಳು ಜೋಡೆತ್ತಿನಂತೆ ಸಾಗಿದವು. ಆದರೆ ಹೋಗುತ್ತ ಒಂದು, ಬರುತ್ತ ಒಂದು ಹೊಲಿದದ್ದಕ್ಕೆ ಬಟ್ಟೆ ಸೊಟ್ಟಗೆ ಎಳೆದುಕೊಂಡಿತು. ಮತ್ತೆ ಬಿಚ್ಚಿದೆ. ಪ್ರತಿ ಸಾಲಿಗೂ ದಾರ ಕತ್ತರಿಸಿ ಒಂದೇ ತುದಿಯಿಂದ ಶುರುಮಾಡಬೇಕು ಅಣ್ಣಯ್ಯ. ಇದನ್ನು ನಾನೇ ಕಂಡುಕೊಂಡೆ!

ನಿನ್ನೆ ದ್ಯಾಮಮ್ಮ ಕೌದಿಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತರು. ನನ್ನ ಮನಸ್ಸು ಹೇಗೆ ತಿಳಿಯಿತೋ, “ನನ್ ಮಗಳಿಗೆ ಇದನ್ನೇ ಹೊದಿಸ್ತೀನಿ ಕಣೇ. ಅನ್ನೋರು ಅಂದ್ಕೊಳ್ಳಲಿ” ಎಂದರು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅವರ ಸಾಲುಮನೆಯ ಇನ್ನೂ ಮೂವರು ಕೌದಿ ಕೇಳಿದ್ದಾರೆ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಮೈ ಜೋಪಾನ.

ನಿನ್ನ ತಂಗಿ,
ಸತ್ಯಭಾಮಾ

ಮತ್ತೆ: ಟಪ್ಪಾಲಿಗೆ ಹೊತ್ತಾಯಿತು. ಬೆಳಿಗ್ಗೆ ಗಂಡನ ಮನೆ ಹೊಳಲೂರಿನಿಂದ ನನ್ನ ಮಾವ ಬಂದಿದ್ದರು. ಕೊಯ್ಲಿಗೆ ಆಳು ಸಾಲದು, ಹೊರಡು ಎಂದರು. ಅವ್ವ ತಲೆ ತಗ್ಗಿಸಿದಳು. “ನಾನು ಬರಲ್ಲ ಮಾವ, ಇಲ್ಲೇ ದುಡ್ಕೊಂಡು ಇರ್ತೀನಿ” ಎಂದುಬಿಟ್ಟೆ. ಅವರು ನಿನಗೆ ಕಾಗದ ಬರೆಯುತ್ತಾರೆ. ಕಳಿಸುತ್ತೇನೆಂದು ಮಾತು ಕೊಡಬೇಡ, ಅಣ್ಣಯ್ಯ. ನಾನು ಹೋಗುವುದಿಲ್ಲ.