ಡಬ್ಬಿಯೊಳಗಿನ ನೀಲಿ

ತಂಗಿ,

ನೀನು ತೀರಿಹೋಗಿ ವರ್ಷವಾದರೂ ನನ್ನ ಹೊಟ್ಟೆಕಿಚ್ಚು ಹೋಗಿಲ್ಲ. ದೇವರ ಮುಂದೆ ಕೂತು ಬರೆಯುತ್ತಿದ್ದೇನೆ, ಸುಳ್ಳು ಹೇಳಲಾರೆ. ಒಂದು ಸಲವಾದರೂ ನನ್ನ ಬಟ್ಟಲು ನಿನ್ನದಕ್ಕಿಂತ ಚಂದ ಬರಲಿ ಎಂದು ಬೇಡಿಕೊಂಡೇ ಪಿಂಗಾಣಿ ಮಣ್ಣಿಗೆ ಬೀಟ್‌ರೂಟ್ ರಸ ಕಲಸಿದ್ದೆ. ಹಸಿಯಲ್ಲಿ ಒಳ್ಳೆ ಗುಲಾಬಿ ಬಣ್ಣವಿತ್ತು, ನೋಡಿ ಬೀಗಿದ್ದೆ.

ಇವತ್ತು ಬೆಳಿಗ್ಗೆ ಭಟ್ಟಿ ತೆರೆದರೆ ಹನ್ನೆರಡು ಬಟ್ಟಲೂ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ನಿನ್ನ ಮಗಳು ನಕ್ಕಳು. "ದೊಡ್ಡಮ್ಮ, ತರಕಾರಿ ಬಣ್ಣ ಬೆಂಕೀಲಿ ಸುಟ್ಟುಹೋಗತ್ತೆ, ಲೋಹದ ಪುಡೀನೇ ನಿಲ್ಲೋದು ಅಂತ ಅಮ್ಮ ಬಡ್ಕೋತಿದ್ಲಲ್ಲ. ಅಡುಗೆಗೆ ಹಾಕಿದ್ರೆ ಊಟಕ್ಕಾದ್ರೂ ಆಗ್ತಿತ್ತು."

ಹೌದು, ನೀನು ಹೇಳಿದ್ದೆ. ಗುಟ್ಟು ಬಿಟ್ಟುಕೊಡದೆ ನನ್ನ ದಾರಿ ತಪ್ಪಿಸುತ್ತಿದ್ದೀಯ ಅಂದುಕೊಂಡಿದ್ದೆ. ಆಸ್ಪತ್ರೆಯಿಂದ ನೀನು ಕಳಿಸಿದ ನೀಲಿ ಲೋಹದ ಪುಡಿಯ ಡಬ್ಬಿಯನ್ನೂ, ನೀನು ಬಳಸಿ ಮಿಕ್ಕಿದ್ದು ನನಗೇಕೆಂದು ಮುಟ್ಟಿರಲಿಲ್ಲ. ಇವತ್ತು ಮುಚ್ಚಳ ತೆಗೆದೆ. ಒಳಗೆ ನಿನ್ನ ಕೈಬರಹದ ಚೀಟಿ ಇತ್ತು.

"ಅಕ್ಕ, ನೂರು ಪಾಲು ಒಣಮಣ್ಣಿಗೆ ಐದು ಪಾಲು ಪುಡಿ. ಮೂಗಿಗೆ ಬಟ್ಟೆ ಕಟ್ಕೊಂಡು ಕಲಸು. ಮಣ್ಣು ನಾದೋದ್ರಲ್ಲಿ ನಿನ್ನ ಕೈಹದ ನನಗೆ ಬರಲೇ ಇಲ್ಲ. ಅದಕ್ಕೆ ನನಗೆ ಯಾವಾಗಲೂ ಹೊಟ್ಟೆಕಿಚ್ಚು."

ಅದನ್ನು ಹೇಳಿಕೊಳ್ಳುವುದರಲ್ಲೂ ನೀನೇ ಮುಂದಾದೆಯಲ್ಲ.

ಮಣ್ಣು ತೂಗಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೇನೆ. ನಿನ್ನ ಕೈ ಕೊನೆಗೆ ಮುಟ್ಟಿದ ಪುಡಿ ಇದು, ಕಲಸಿದರೆ ಮುಗಿದುಹೋಗುತ್ತದೆ. ಡಬ್ಬಿಗೆ ಕೈ ಹಾಕಲು ಆಗುತ್ತಿಲ್ಲ.