ಗಾಜಿನ ಕೋಣೆಯ ಆಯ

ಭಾವಿಕೇರಿ, ಅಂಕೋಲಾ
೧೪ ನವೆಂಬರ್ ೨೦೦೭

ಪ್ರೀತಿಯ ತಮ್ಮ ಯೋಗೇಶನಿಗೆ, ಮತ್ತು ಅವನ ಮಂಚದ ಸುತ್ತ ನೆರೆದ ದುಬೈ ಮಹಾಸಭೆಗೆ,

ಕುಳಿತವರೇ, ನಿಂತವರೇ, ಪಾಳಿ ಮುಗಿಸಿ ಬಂದು ಮೇಲಿನ ಮಂಚದಿಂದ ಕಾಲು ಇಳಿಬಿಟ್ಟವರೇ, ಕೇಳಿರಿ! ನನ್ನ ಪತ್ರ ಬಂದ ದಿನ ನಿಮ್ಮ ಖೋಲಿಯಲ್ಲಿ ಟಿವಿ ಬಂದ್ ಆಗುತ್ತದೆಂದು ಯೋಗೇಶ ಹೋದ ಸಲ ಬರೆದಿದ್ದ. ಅಂದಮೇಲೆ ಇದು ಪತ್ರವಲ್ಲ, ಪ್ರಯೋಗ. ದೇವಬಾಗದ ತುಳಸಿದಾಸರು ಮುಂದಿನ ಸಾಲಿಗೆ ಬರಲಿ. ಅವರ ನಗು ದೊಡ್ಡದಂತೆ, ನಟನ ಎದುರಿಗೆ ಅಂಥವರು ಒಬ್ಬರಾದರೂ ಇರಬೇಕು. ತಮ್ಮಾ, ಓದುವವನು ನೀನಾದ್ದರಿಂದ ಮೊದಲೇ ಹೇಳುತ್ತೇನೆ, ಗಂಟಲು ಬಿಟ್ಟು ಓದು. ನಿನ್ನ ಧ್ವನಿ ಮೂರನೆಯ ಸಾಲಿಗೆ ಯಾವತ್ತೂ ಮುಟ್ಟಿದ್ದಿಲ್ಲ.

ನಿನ್ನ ಸೊಂಟನೋವು ಹೇಗಿದೆ? ನಲವತ್ತನೆಯ ಮಾಳಿಗೆಯ ಹೊರಗೆ ತೊಟ್ಟಿಲಲ್ಲಿ ತೂಗಾಡುತ್ತ ಪರರ ಗೋಪುರಕ್ಕೆ ಗಾಜು ಕೂರಿಸುವವನ ಸೊಂಟ ನೋಯದೆ ಇರುತ್ತದೆಯೇ. ನಿನ್ನ ಅತ್ತಿಗೆ ಹೊನ್ನಮ್ಮ ಕಟ್ಟಿಕೊಟ್ಟ ಎಣ್ಣೆಯನ್ನು ಬಿಸಿಮಾಡಿ ಹಚ್ಚಬೇಕು, ತಣ್ಣಗೆ ಹಚ್ಚಿದರೆ ಉಪಯೋಗವಿಲ್ಲ ಎಂದು ಅವಳು ಹಿಂದೆಯೇ ನಿಂತು ಬರೆಸುತ್ತಿದ್ದಾಳೆ. ನಿನ್ನ ಹೆಂಡತಿ ದೀಪಾ ಆರಾಮ. ನನ್ನ ರಕ್ತದೊತ್ತಡ ಮಾತ್ರ ಏರಿದೆ. ಡಾಕ್ಟರು ಉಪ್ಪು ಬಿಡಿ ಎಂದರು. ಕಾರಣ ಉಪ್ಪಲ್ಲ.

ಕಾರಣ ನಿನ್ನ ಗಾಜಿನ ಕೋಣೆ. ಸಭೆಯಲ್ಲಿ ತಿಳಿಯದವರಿದ್ದರೆ ತಿಳಿಯಲಿ: ನನ್ನ ತಮ್ಮ ನಮ್ಮಿಬ್ಬರ ಮನೆಗಳ ನಡುವಿನ ಅಂಗಳದ ಕಡೆಗೆ ತನ್ನ ಮನೆಗೊಂದು ಕೋಣೆ ಸೇರಿಸುತ್ತಿದ್ದಾನೆ. ಗೋಡೆ ಗಾಜು, ತೊಲೆ ಗಾಜು, ತಲೆಯ ಮೇಲಿನ ಮಾಡೂ ಗಾಜು. ಮರದ ಚೌಕಟ್ಟಿಲ್ಲ, ಕಬ್ಬಿಣದ ಕಂಬವಿಲ್ಲ. ನಕ್ಷೆಯನ್ನು ದುಬೈಯಲ್ಲೇ ಬರೆದು, ಅಳತೆಯನ್ನು ಪುಣೆ ಕಡೆಯ ಕಾರ್ಖಾನೆಗೆ ಕಳಿಸಿ, ಇಲ್ಲಿ ಉಸ್ತುವಾರಿಗೆ ನನ್ನನ್ನು ನೇಮಿಸಿದ. ಫೋನಿನಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ: "ಅಣ್ಣಾ, ಇದು ಕಾಸಿ ಗಟ್ಟಿ ಮಾಡಿದ ಗಾಜು. ಒಮ್ಮೆ ತಯಾರಾದ್ಮೇಲೆ ಕೂದಲಷ್ಟೂ ಕತ್ತರ್ಸೂಕೆ ಬತ್ತಿಲ್ಲ. ಅಂಚಿಗೆ ಪೆಟ್ಟು ಬಿತ್ತು ಅಂದ್ರೆ ಇಡೀ ಹಲಗೆ ಸಕ್ರೆ ಹರಳಾಗಿ ಉದುರ್ತದೆ." ನಾನು ಮೂರು ಸಲವೂ ಹೂಂ ಎಂದೆ.

ಇನ್ನೂ ಗಾಜು ಬಂದಿಲ್ಲ. ಗಾರೆಯವನು ಹುಲಿಯಾ ಕಟ್ಟಿದ್ದು ಬರೀ ಕಟ್ಟೆ, ಅದರ ಎರಡು ತುದಿಗೆ ಎರಡು ಚಿರೇಕಲ್ಲಿನ ಕಂಬ, ನಡುವೆ ಗಾಜು ಇಳಿಸುವ ಸೀಳು. ಅಷ್ಟಕ್ಕೇ ಬೇಲೆಕೇರಿಯವರು ಬಂದರು, ಹಿಲ್ಲೂರಿನಿಂದ ಬಸ್ಸು ಹತ್ತಿ ಬಂದರು, ಕಾರವಾರದ ಇಂಜಿನಿಯರೊಬ್ಬರು ಕಾರಿನಲ್ಲಿ ಬಂದು ಬಗ್ಗಿ ಸೀಳಿನೊಳಗೆ ಬೆರಳಿಟ್ಟು ನೋಡಿ ತಲೆದೂಗಿ ಹೋದರು. ಹೋದ ವಾರ, ಕಟ್ಟೆ ಮುಗಿದು ಕಂಬ ಇನ್ನೂ ಏಳದಿದ್ದ ಒಂದು ಸಂಜೆ, ನಾನು ಅಂಗಳದ ನಡುವೆ ನಿಂತು ಈ ವರ್ಷದ ನಾಟಕದ ತಾಲೀಮು ಮಾಡುತ್ತಿದ್ದೆ. ರಾಜನ ಪಾತ್ರ, ಯುದ್ಧಕ್ಕೆ ಹೊರಡುವ ಮಾತು, ಕೈ ಮೇಲಕ್ಕೆ ಎತ್ತಿದ್ದೇನೆ. ತರಕಾರಿ ಬುಟ್ಟಿ ಇಳಿಸಿ ಮಾದಿ ಕುಳಿತಳು. ಮೂವತ್ತು ವರ್ಷ ನನ್ನ ಪ್ರತಿ ನಾಟಕಕ್ಕೂ ಮುಂದಿನ ಚಾಪೆಯಲ್ಲಿ ಕೂತು ಕಣ್ಣೀರು ಒರೆಸಿಕೊಂಡ ಹೆಂಗಸು. ನೋಡಲಿ ಎಂದು ಇನ್ನೂ ಒಂದು ಗೇಣು ಎತ್ತರಿಸಿದೆ. ಅವಳು ಹೇಳಿದ್ದೇನು ಗೊತ್ತೇ? "ಜಟ್ಟಪ್ಪಣ್ಣಾ, ಚೂರು ಬದೀಗೆ ನಿಲ್ಲಿ. ಕಟ್ಟೆ ಕಾಣೂದಿಲ್ಲ."

ತಮ್ಮಾ, ಆ ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ಯಾವ ನಾಟಕ ಮಾಸ್ತರರೂ ನನಗೆ ಕಲಿಸಿರಲಿಲ್ಲ. ಸುಮ್ಮನೆ ಬದಿಗೆ ಸರಿದೆ.

ಆಮೇಲೆ ಒಳಗೆ ಹೋಗಿ ಚಹಾ ಕುಡಿಯುತ್ತ ಯೋಚಿಸಿದೆ. ಕತ್ತಲಾದ ಮೇಲೆ ಆ ಕೋಣೆಯೊಳಗೆ ದೀಪ ಹಾಕಿದರೆ ಏನಾಗುತ್ತದೆ? ಒಳಗೆ ಕೂತವನು ಇಡೀ ಊರಿಗೆ ಕಾಣುತ್ತಾನೆ. ಊರೆಲ್ಲ ಕತ್ತಲಲ್ಲಿ, ಅವನೊಬ್ಬ ಬೆಳಕಿನಲ್ಲಿ. ಅದು ಕೋಣೆಯಲ್ಲ ಮಾರಾಯ, ರಂಗಸ್ಥಳ. ಪರದೆ ಎಂದೂ ಬೀಳದ ರಂಗಸ್ಥಳ. ಯಾರಿಗೆ? ನನ್ನ ಕೈಕೆಳಗೆ ಏಳು ವರ್ಷ ಬರೀ ದ್ವಾರಪಾಲಕನ ಪಾತ್ರ ಮಾಡಿದವನಿಗೆ! ಎರಡೇ ಮಾತು ನಿನ್ನದು: "ಯಾರಲ್ಲಿ?" ಮತ್ತು "ಅಪ್ಪಣೆ." ಎರಡನೆಯದನ್ನು ಒಂದು ವರ್ಷ ಮರೆತೆ, ನಾನು ಸಿಂಹಾಸನದಿಂದಲೇ ಪಿಸುಗುಟ್ಟಿ ನೆನಪಿಸಿದೆ. ತುಳಸಿದಾಸರು ಈಗ ನಗಬಹುದು. ನಾನು ವರ್ಷಕ್ಕೆ ಎರಡು ಸಲ ಬಾಡಿಗೆ ಪರದೆಯ ಎದುರು ರಾಜ. ನೀನು ಅನ್ನ ಉಣ್ಣುತ್ತ ಕೂತರೂ ಜನ ನೋಡುತ್ತಾರೆ. ಹೊನ್ನಮ್ಮ ನನ್ನ ಮುಖ ನೋಡಿ, "ನಿಮಗೆ ಹೊಟ್ಟೆಕಿಚ್ಚು. ಬೀಪಿ ಮಾತ್ರೆ ಇದಕ್ಕೆ ನಾಟೂದಿಲ್ಲ" ಅಂದಳು. ಚಹಾಕ್ಕೆ ಸಕ್ಕರೆ ಕಡಿಮೆ ಎಂದೆ.

ಈಗ ನಾಟಕದ ಮುಖ್ಯ ಅಂಕ. ಮರುದಿನ ಕಂಬಗಳಿಗೆ ಅಳತೆಯ ದಾರ ಕಟ್ಟಿದಾಗ ನಾನು ಆಯದ ಲೆಕ್ಕ ಹಾಕಿದೆ. ಹೊಸಬರಿಗೆ ಹೇಳುತ್ತೇನೆ: ನಮ್ಮಲ್ಲಿ ಕೋಣೆಯ ಉದ್ದ-ಅಗಲವನ್ನು ಅಂಗುಲದಲ್ಲಿ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಮೂರು ಉಳಿದರೆ ಸಿಂಹಾಯ, ಮನೆಗೆ ಕೀರ್ತಿ. ನಾಲ್ಕು ಉಳಿದರೆ ಶ್ವಾನಾಯ, ನಾಯಿಯ ಆಯ, ಮನೆಗೆ ಜಗಳ. ಅಪ್ಪನಿಂದ ಈ ಲೆಕ್ಕ ಕಲಿತವನು ನಾನೊಬ್ಬನೇ. ಭಾವಿಕೇರಿಯಲ್ಲಿ ನಾನು ನೋಡದೆ ದನದ ಕೊಟ್ಟಿಗೆಗೂ ಕಂಬ ಏಳುವುದಿಲ್ಲ. ಅಂದು ಇಪ್ಪತ್ತು ಜನ ಸೇರಿದ್ದರು. ಇದ್ದಿಲಿನಿಂದ ನನ್ನ ಮನೆಯ ಗೋಡೆಯ ಮೇಲೆ ಲೆಕ್ಕ ಹಾಕಿದೆ, ಅಂಗೈಯಿಂದ ಒರೆಸಿದೆ, ತಿರುಗಿ ನಿಂತೆ. ರಾಜ ಶಾಪ ಕೊಡುವ ಮೊದಲು ಎತ್ತುವಂತೆ ಬಲಗೈ ಎತ್ತಿದೆ. ಆಮೇಲೆ ಕೂಗಿದೆ: ನಾಯಿ! ಮಾದಿ ಎದ್ದು ನಿಂತಳು. ಎಲ್ಲರ ಕಣ್ಣೂ ನನ್ನ ಮೇಲೆ. ಉದ್ದವನ್ನು ಎರಡಂಗುಲ ಕಡಿಮೆ ಮಾಡಿದರೆ ದೋಷ ಹೋಗುತ್ತದೆ ಎಂದು ಪರಿಹಾರವನ್ನೂ ಸಾರಿದೆ. ಹುಲಿಯಾ ಮಾತ್ರ ದಾರ ಹಿಡಿದುಕೊಂಡು, ಗಾಜು ಆಗಲೇ ತಯಾರಾಗಿದೆಯಂತಲ್ಲ ಎಂದು ಮೆಲ್ಲಗೆ ಕೇಳಿದ. ಎರಡಂಗುಲಕ್ಕೆ ಏನಾಗುತ್ತದೆ, ಬಂದವರು ಹೊಂದಿಸಿಕೊಳ್ಳುತ್ತಾರೆ ಎಂದೆ. ಅವನು ಒಂದು ಕಂಬವನ್ನು ಎರಡಂಗುಲ ಒಳಕ್ಕೆ ಸರಿಸಿ ಕಟ್ಟಿದ. ಹೀಗೆ, ಮಹಾಜನರೇ, ಅಣ್ಣನಾದವನು ತಮ್ಮನ ಮನೆಯನ್ನು ನಾಯಿಯ ಬಾಯಿಂದ ಬಿಡಿಸಿದನು. ಚಪ್ಪಾಳೆ ತಟ್ಟುವವರು ತಟ್ಟಲಿ.

ಗಾಜಿನ ಲಾರಿ ಇವತ್ತು ಕಾರವಾರಕ್ಕೆ ಬಂದು ನಿಂತಿದೆಯಂತೆ. ನಾಳೆ ಹತ್ತು ಗಂಟೆಗೆ ಅಂಗಳದಲ್ಲಿರುತ್ತದೆ. ದೀಪಾ ಇಪ್ಪತ್ತು ಜನಕ್ಕೆ ಪಾಯಸ ಮಾಡುವವಳಿದ್ದಾಳೆ.

ಸಭೆಗೆ ನಮಸ್ಕಾರ. ದೊಡ್ಡವರಿಗೆ ವಂದನೆ, ಚಿಕ್ಕವರಿಗೆ ಆಶೀರ್ವಾದ, ಎತ್ತರದಲ್ಲಿ ಕೆಲಸ ಮಾಡುವ ಎಲ್ಲರ ಹಗ್ಗಕ್ಕೂ ನಮ್ಮ ಊರ ದೇವರ ಕಾವಲು.

ನಿನ್ನ ಅಣ್ಣ
ಜಟ್ಟಪ್ಪ

ಮರೆತ ಮಾತು: ಯೋಗೇಶಾ, ಇದನ್ನು ಗಟ್ಟಿಯಾಗಿ ಓದಬೇಡ. ಪತ್ರ ಮಡಚಿ, ಹೊರಗೆ ಹೋಗಿ ಒಬ್ಬನೇ ಓದು.

ಲೆಕ್ಕದಲ್ಲಿ ಉಳಿದದ್ದು ಮೂರು. ಎರಡು ಸಲ ಹಾಕಿದೆ, ಎರಡು ಸಲವೂ ಮೂರೇ. ನೀನು ಕಳಿಸಿದ ಅಳತೆ ಸಿಂಹಾಯವೇ ಆಗಿತ್ತು. ಗೊತ್ತಿದ್ದು ಕಳಿಸಿದೆಯೋ, ತಾನಾಗಿ ಬಂತೋ ನನಗೆ ತಿಳಿಯದು. ಸಿಂಹ ಎಂದು ಬಾಯಿ ತೆರೆದರೆ ನಾಯಿ ಎಂದು ಬಂತು. ಒರೆಸಿದ್ದು ಅದಕ್ಕೇ. ಎರಡಂಗುಲಕ್ಕೆ ಏನಾಗುತ್ತದೆಂದೂ ನನಗೆ ಗೊತ್ತಿತ್ತು, ನೀನು ಮೂರು ಸಲ ಹೇಳಿದ್ದೆ. ಆ ಸೀಳಿಗೆ ನಾಳೆ ಗಾಜು ಒತ್ತಿದರೆ ಅಂಚು ಕಂಬಕ್ಕೆ ತಾಗುತ್ತದೆ.

ಮೇಲಿನದನ್ನೆಲ್ಲ ಬರೆದು ಲಕೋಟೆಗೆ ಅಂಟು ಹಚ್ಚುವಾಗ ಹುಲಿಯಾ ಬಂದ. ಲಾರಿಯವರು ಫೋನಿನಲ್ಲಿ ಸೀಳಿನ ಅಳತೆ ಕೇಳಿದರಂತೆ, ಹೇಳಿದ್ದಕ್ಕೆ ಬೈದರಂತೆ. ಕೈ ಕಟ್ಟಿಕೊಂಡು ನಿಂತು ಹೇಳಿದ: "ಜಟ್ಟಪ್ಪಣ್ಣಾ, ನಾಳೆ ಗಾಜು ಒಡದ್ರೆ ನನ್ನ ಕೈ ತಪ್ತು ಅಂತೆ ನಾನೇ ಹೇಳ್ತೆ. ನಿಮ್ಮ ಲೆಕ್ಕ ತಪ್ಪೂದಿಲ್ಲ. ನೀವು ಸುಳ್ಳು ಹೇಳೂದು ನಾಟಕದಾಗೆ ಮಾತ್ರ." ಅವನು ಹೋದ ಮೇಲೆ ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದೆ. ನಂಬರು ಒತ್ತಿ, ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ.

ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ. ಇದನ್ನು ಬರೆಯುವಾಗಲೂ ಕಿಟಕಿಯಿಂದ ಆ ಕಟ್ಟೆ ಕಾಣುತ್ತಿದೆ, ಹೊಟ್ಟೆ ಉರಿಯುತ್ತಿದೆ. ಆದರೆ ಚಿರೇಕಲ್ಲು ಮೆತ್ತಗಿನ ಕಲ್ಲು, ಎರಡಂಗುಲ ಕೆತ್ತಲು ಎರಡು ತಾಸು ಸಾಕು. ಹುಲಿಯಾನ ಉಳಿ, ಸುತ್ತಿಗೆ ಕೇಳಿ ಇಸಿದುಕೊಂಡಿದ್ದೇನೆ. ಅವನು ಮುಟ್ಟುವುದು ಬೇಡ. ನಾಳೆ ಬೆಳಿಗ್ಗೆ ಏಳು ಗಂಟೆಗೆ, ಮಾದಿ ಬುಟ್ಟಿ ಹೊತ್ತು ಬರುವ ಹೊತ್ತಿಗೆ, ಜನರೆಲ್ಲ ಸೇರಿದ ಮೇಲೆ, ಇದ್ದಿಲು ಹಿಡಿದು ಅದೇ ಗೋಡೆಯ ಮೇಲೆ ಅದೇ ಲೆಕ್ಕವನ್ನು ಮತ್ತೆ ಹಾಕುತ್ತೇನೆ. ಈ ಸಲ ಒರೆಸುವುದಿಲ್ಲ. ಕೊನೆಯ ಸಾಲಿಗೆ ಕೇಳುವಂತೆ ಸಿಂಹ ಎಂದು ಕೂಗಿ, ಸುಳ್ಳು ಹೇಳಿದವನು ನಾನೇ ಎಂದು ಹೇಳಿ, ಆಮೇಲೆ ಉಳಿಯನ್ನು ಕಂಬಕ್ಕೆ ಇಡುತ್ತೇನೆ.