ಸತ್ತ ಮೇಲೆ ಪಥ್ಯ

ಬಬ್ಬೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಫೋನೆತ್ತದ ಮಗಳು ಸುಪ್ರಿಯಾಗೆ,

ನಿನ್ನ ಅವ್ವನ ಆಶೀರ್ವಾದ. ಚೆನ್ನಾಗಿದ್ದೀಯಾ ಎಂದು ಕೇಳುವಷ್ಟು ಸಮಾಧಾನ ನನಗಿಲ್ಲ. ಪಕ್ಕದ ಮನೆ ಚಂದ್ರಕ್ಕ ನಾಳೆ ದುರ್ಗಕ್ಕೆ ಹೋಗುತ್ತಾಳೆ, ನೀನು ಕೆಲಸ ಮಾಡುವ ಬಟ್ಟೆ ಅಂಗಡಿಗೇ ಬಂದು ಇದನ್ನು ಕೊಡುತ್ತಾಳೆ. ನನ್ನ ಫೋನಾದರೆ ಕಟ್ ಮಾಡುತ್ತೀಯ. ಚಂದ್ರಕ್ಕನನ್ನು ಕಟ್ ಮಾಡು ನೋಡೋಣ.

ಅದೆಂಥ ಧೈರ್ಯವೇ ನಿನಗೆ! ನಿಮ್ಮಪ್ಪ ತೋಟದ ಕೆಲಸದಲ್ಲೇ ಕುಸಿದು ತೀರಿಹೋಗಿ ಐದು ತಿಂಗಳಾದ ಮೇಲೆ ಫೋನು ಮಾಡಿ, 'ಅಪ್ಪಂಗೆ ಹಾರ್ಟಿನ ತೊಂದ್ರೆ ಇರೋದು ನಂಗೆ ಮೊದ್ಲೇ ಗೊತ್ತಿತ್ತವ್ವ' ಎಂದೆ. ಸಂಕ್ರಾಂತಿ ಕಳೆದ ಮೇಲೆ ಅವರು ದುರ್ಗಕ್ಕೆ ಬಂದದ್ದು ನಿನ್ನನ್ನು ನೋಡಲಿಕ್ಕಲ್ಲ, ಡಾಕ್ಟರಿಗೆ ತೋರಿಸಲಿಕ್ಕಂತೆ. ಉಪ್ಪು ಬಿಡಿ, ಬೀಡಿ ಬಿಡಿ, ಬೇಗ ಆಪರೇಷನ್ ಮಾಡಿಸಿ ಎಂದರಂತೆ. 'ನಿಮ್ಮವ್ವಂಗೆ ಹೇಳಬ್ಯಾಡ, ಹೆದರ್ಕಂತಾಳೆ' ಎಂದು ಅಪ್ಪ ಹೇಳಿದರಂತೆ, ಮಗಳು ತಲೆಯಾಡಿಸಿದಳಂತೆ. ಇಷ್ಟು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಫೋನು ಇಟ್ಟುಬಿಟ್ಟೆ.

ಯಾರೇ ಹೆದರುವವಳು? ಬಚ್ಚಲಿಗೆ ಬಂದ ನಾಗರಹಾವನ್ನು ಕೋಲಿನಲ್ಲಿ ಎತ್ತಿ ಆಚೆ ಬಿಟ್ಟು ಬಂದವಳು ನಾನು. ಅವತ್ತು ಕಟ್ಟೆ ಹತ್ತಿ ನಿಂತಿದ್ದವರು ನಿಮ್ಮಪ್ಪ.

ಡಾಕ್ಟರ ಹತ್ತಿರ ಹೋಗಿ ಬಂದ ದಿನವೇ ಅವರು ಬಾಡಿನ ಸಾರು ಮಾಡು ಎಂದರು. ಮಾಡಿದೆ. ಉಪ್ಪು ಸಾಲದು ಎಂದರು, ಹಾಕಿದೆ. ಆಮೇಲೂ ದಿನಾ ಉಪ್ಪಿನಕಾಯಿ, ಹಪ್ಪಳ, ಏನು ಕೇಳಿದರೂ ಬಡಿಸಿದೆ, ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ಖುಷಿಪಟ್ಟೆ. ನನ್ನ ಕೈಯಿಂದಲೇ ಬಡಿಸುವ ಹಾಗೆ ಮಾಡಿದಿರಲ್ಲೇ, ಅಪ್ಪ ಮಗಳು ಸೇರಿ! ಈ ಕೈಯನ್ನು ನಾನು ಎಲ್ಲಿಟ್ಟುಕೊಳ್ಳಲಿ?

ಇದರ ಮೇಲೆ ನನ್ನನ್ನು ಆ ಶನಿವಾರದ ಗುಂಪಿಗೆ ಸೇರಿಸಿದವಳೂ ನೀನೇ. ಮನೆಯವರನ್ನು ಕಳೆದುಕೊಂಡವರು ಹಿರಿಯೂರಿನ ಹಳೇ ಅಂಗನವಾಡಿಯಲ್ಲಿ ಕೂತು ಮಾತಾಡುತ್ತಾರೆ, ಮನಸ್ಸು ಹಗುರಾಗುತ್ತದೆ ಎಂದೆ. ಗುಂಪು ನಡೆಸುವ ಶಿವಗಂಗಾ ಮೊದಲು ನರ್ಸಾಗಿದ್ದವರು. ಒಳ್ಳೆಯ ಹೆಂಗಸೇ, ಆದರೆ ಮಾತೆತ್ತಿದರೆ 'ಉಸಿರು ಎಳ್ಕಳ್ರಿ, ಬಿಡ್ರಿ' ಎನ್ನುತ್ತಾರೆ. ಉಸಿರು ಬಿಡುವುದನ್ನು ಕಲಿಯಲು ಬಸ್ಸು ಹತ್ತಿ ಹೋಗಬೇಕೆ? ಆದರೂ ಹೋಗುತ್ತಿದ್ದೆ, ನೀನು ಹೇಳಿದ್ದೀಯ ಎಂದು.

ಹಿರಿಯರ ಹಬ್ಬ ಹತ್ತಿರ ಬಂತಲ್ಲ, ನಿಮ್ಮವರಿಗೆ ಇಷ್ಟವಾದದ್ದನ್ನು ಮಾಡಿ ತನ್ನಿ, ಎಲ್ಲರೂ ಸೇರಿ ಎಡೆ ಇಡೋಣ ಎಂದು ಶಿವಗಂಗಾ ನಿನ್ನೆಯ ಶನಿವಾರಕ್ಕೆ ಹೇಳಿದ್ದರು. ಹೆಂಡತಿಯನ್ನು ಕಳೆದುಕೊಂಡ ಪಾಲಣ್ಣ ಮಿರ್ಚಿ ಮಂಡಕ್ಕಿ ತಂದಿದ್ದ. ಕುರಿ ಕಾಯುವ ಮನೆಯ ಕೆಂಚಕ್ಕ, ಬೈಕಿನಿಂದ ಬಿದ್ದು ತೀರಿಹೋದ ಮಗನಿಗೆ ಕರಿಗಡುಬು ತಂದಿದ್ದಳು. ನಾನು ಏನು ಒಯ್ದೆ ಗೊತ್ತೆ? ಬರೀ ಬೇಯಿಸಿದ ಸೋರೆಕಾಯಿ, ಮೆತ್ತನೆ ಅನ್ನ. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ಬೇಕೆಂದೇ ಮಾಡಿದೆ. ಬದುಕಿದ್ದಾಗ ನನ್ನಿಂದ ಮುಚ್ಚಿಟ್ಟು ತಪ್ಪಿಸಿಕೊಂಡರಲ್ಲ, ಈಗ ತಿನ್ನಲಿ ಎಂದು.

ಎಡೆ ಎತ್ತಿ ಎಲ್ಲರೂ ಹಂಚಿಕೊಂಡು ತಿನ್ನುವಾಗ ಕೆಂಚಕ್ಕ ನನ್ನದನ್ನು ಬಾಯಿಗಿಟ್ಟು ಮುಖ ಸಿಂಡರಿಸಿದಳು. 'ಏನೇ ಇದು, ಉಪ್ಪೇ ಹಾಕಿಲ್ಲ?' ಎಂದಳು. ಅಷ್ಟೇ ಸಾಕಾಯಿತು. ಎಡೆಗೆಂದು ಒಯ್ದಿಟ್ಟಿದ್ದ ನಿಮ್ಮಪ್ಪನ ಫೋಟೋಗೆ ಬೆರಳು ತೋರಿಸಿ ಎಲ್ಲವನ್ನೂ ಕಕ್ಕಿಬಿಟ್ಟೆ. ಸುಳ್ಳ ಎಂದೆ, ಹೇಡಿ ಎಂದೆ. ಶಿವಗಂಗಾ ಕೂಡ ಉಸಿರಿನ ಮಾತೆತ್ತಲಿಲ್ಲ. ಕೆಂಚಕ್ಕ ಮಾತ್ರ ಪೂರ್ತಿ ಕೇಳಿ, 'ಸತ್ ಮ್ಯಾಲೆ ಎಂಥಾ ಪಥ್ಯಾನೇ ಮಂಗಳಾ? ಪಾಪ, ಒಂದು ಹೋಳು ಉಪ್ಪಿನ್ಕಾಯಾದ್ರೂ ಇಡು' ಎಂದಳು.

ಮೊದಲು ಪಾಲಣ್ಣನಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ನನಗೆ. ನಗುತ್ತಾ ನಗುತ್ತಾ ಅಳು ಬಂತು. ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. ನನ್ನನ್ನು ನೋಡಿ ಕೆಂಚಕ್ಕನೂ ಶುರು ಮಾಡಿದಳು, ಹೆಲ್ಮೆಟ್ಟನ್ನು ಗೂಟಕ್ಕೆ ನೇತುಹಾಕಿ ಹೋದ ಮಗನನ್ನು ಬಾಯಿಗೆ ಬಂದಂತೆ ಬೈದಳು. ಸತ್ತವರನ್ನು ಬೈಯಬಾರದು ಎಂದು ಅಷ್ಟು ದಿನ ನಾವೆಲ್ಲ ಹೊಗಳಿಕೊಂಡು ಕೂತಿದ್ದೆವು. ನಿನ್ನೆ ನನಗೆ ಚೆನ್ನಾಗಿ ನಿದ್ದೆ ಬಂತು ಕಣೇ.

ನಿನ್ನನ್ನೂ ಬಿಡಲಿಲ್ಲ, ಹೆಸರು ಹಿಡಿದೇ ಬೈದೆ. ಆಗ ಪಾಲಣ್ಣ, 'ನೀವಾದ್ರೆ ಇಲ್ಲಿ ಬಂದು ಬೈತೀರಿ, ಅಳ್ತೀರಿ. ಆ ಹುಡ್ಗಿ ಎಲ್ಲಿಗೆ ಹೋಗ್ಬೇಕ್ರಿ?' ಎಂದು ಕೇಳಿದ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಅಪ್ಪನ ಮಾತು ಉಳಿಸಿ ಅಪ್ಪನನ್ನೇ ಕಳೆದುಕೊಂಡು, ಅದನ್ನು ಒಬ್ಬಳೇ ನುಂಗಿಕೊಂಡು ದುರ್ಗದ ಆ ರೂಮಿನಲ್ಲಿ ಕೂತಿದ್ದೀಯಲ್ಲ, ಬುದ್ಧಿ ಇದೆಯಾ ನಿನಗೆ?

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಇಲ್ಲ. ಬರುವ ಭಾನುವಾರ ಮಹಾಲಯ ಅಮಾವಾಸ್ಯೆ, ಮನೆಯಲ್ಲಿ ಅಪ್ಪನಿಗೆ ಮೊದಲ ಎಡೆ. ಶನಿವಾರವೇ ಹೊರಟು ಬಾ. ಬೈಯುವುದು ಇನ್ನೂ ಬಹಳ ಇದೆ, ಎದುರಿಗೆ ಕೂರಿಸಿಕೊಂಡೇ ಬೈಯಬೇಕು. ನಿಮ್ಮಪ್ಪನಂತೂ ಕೈಗೆ ಸಿಗದೆ ಹೋದರು. ನೀನೂ ಹಾಗೆ ಮಾಡಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅವ್ವ
ಮಂಗಳಾ

ತಾ.ಕ.: ಶನಿವಾರ ಹಿರಿಯೂರಿನಲ್ಲೇ ಇಳಿದು ಮಧ್ಯಾಹ್ನ ನೇರ ಗುಂಪಿಗೆ ಹೋಗು. ಶಿವಗಂಗಾ ಅವರಿಗೆ ಹೇಳಿದ್ದೇನೆ, ಅವತ್ತು ನನ್ನ ಜಾಗದಲ್ಲಿ ನೀನು ಕೂರುತ್ತೀಯ. ನಾನು ಒಳಗೆ ಬರುವುದಿಲ್ಲ, ನಾನಿದ್ದರೆ ನೀನು ಬಾಯಿ ಬಿಡುವುದಿಲ್ಲ. ಅಪ್ಪನನ್ನು ಬೈಯಿ, ಬೇಕಾದರೆ ನನ್ನನ್ನೂ ಬೈಯಿ. ಮುಗಿಯುವ ತನಕ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತೇನೆ.